ಗಡಿಕಲ್ಲಿನ ಈಚೆ ಉಳಿದವರು

ಇಂಗ್ಲೆಂಡಿನ ಡರ್ಬಿಶೈರ್ ಪ್ರಾಂತ್ಯದಲ್ಲಿ ಈಮ್ ಎಂಬ ಹಳ್ಳಿಯಿದೆ. ಸ್ಪೆಲಿಂಗ್ ನೋಡಿ ಓದುವವರು ‘ಇಯಾಮ್’ ಎನ್ನುತ್ತಾರೆ. ಊರಿನವರಿಗೆ ಅದು ಈಮ್. ಅಲ್ಲಿಂದ ಹೊರಟು ಪಶ್ಚಿಮದ ಫೂಲೋಗೆ ಹೋಗಿ, ಉತ್ತರಕ್ಕೆ ಏರಿ ಬ್ರೆಟನ್ ಮುಟ್ಟಿ, ದಿಣ್ಣೆಯ ನೆತ್ತಿಯ ಮೇಲೆ ಪೂರ್ವಕ್ಕೆ ನಡೆದು, ಮತ್ತೆ ಈಮ್‌ಗೇ ಇಳಿಯುವ ಒಂದು ಸುತ್ತು ದಾರಿ ಇದೆ. ನಿಧಾನವಾಗಿ ನಡೆದರೂ ಅರ್ಧ ದಿನ ಸಾಕು. ರಜೆಯ ದಿನಗಳಲ್ಲಿ ಶೆಫೀಲ್ಡ್, ಮ್ಯಾಂಚೆಸ್ಟರ್ ಕಡೆಯಿಂದ ಜನ ಬೂಟು ಕಟ್ಟಿಕೊಂಡು ಬರುತ್ತಾರೆ, ಸುತ್ತು ಮುಗಿಸಿ ಚಹಾ ಕುಡಿದು ಹೋಗುತ್ತಾರೆ. 1666ರ ಬೇಸಿಗೆಯಲ್ಲಿ ಈಮ್‌ನ ಜನ ದಾಟುವುದಿಲ್ಲ ಎಂದು ಒಪ್ಪಿಕೊಂಡಿದ್ದ ಗೆರೆಯನ್ನು ಈ ದಾರಿ ಹೋಗುವಾಗೊಮ್ಮೆ ಬರುವಾಗೊಮ್ಮೆ ದಾಟುತ್ತದೆ. ದಾಟುವಾಗ ಕಾಲಿಗೆ ಏನೂ ಗೊತ್ತಾಗುವುದಿಲ್ಲ.

ಪ್ಲೇಗು ಬಂದಾಗ ಓಡಿಹೋಗದೆ, ಅಕ್ಕಪಕ್ಕದ ಊರುಗಳಿಗೆ ರೋಗ ಹರಡದಿರಲಿ ಎಂದು ತಮ್ಮನ್ನು ತಾವೇ ಕೂಡಿಹಾಕಿಕೊಂಡ ಹಳ್ಳಿ ಎಂದು ಈಮ್ ಪ್ರಸಿದ್ಧ. ಶಾಲೆಯ ಪಾಠಗಳಲ್ಲಿ, ನಾಟಕಗಳಲ್ಲಿ, ಕಾದಂಬರಿಗಳಲ್ಲಿ ಈ ಕಥೆ ಬಂದಿದೆ. 2020ರಲ್ಲಿ ಬ್ರಿಟನ್ನಿನ ಪತ್ರಿಕೆಗಳಿಗೆಲ್ಲ ಈಮ್ ಮತ್ತೆ ನೆನಪಾಯಿತು. ಎಲ್ಲ ಕಡೆಯೂ ಬಳಕೆಯಾಗುವ ಪದ ಒಂದೇ: ತ್ಯಾಗ. ನನ್ನ ತಕರಾರು ಈ ಪದದ ಬಗ್ಗೆ. ಒಬ್ಬ ಮನುಷ್ಯ ತ್ಯಾಗ ಮಾಡಬಹುದು, ಅದು ಅರ್ಥವಾಗುತ್ತದೆ. ಒಂದು ಊರು ತ್ಯಾಗ ಮಾಡುವುದೆಂದರೆ ಏನು? ಊರು ಎಂದರೆ ಅದರಲ್ಲಿ ಯಾರು ಯಾರು?

ಮೊದಲು ನೆಲದ ವಿಷಯ ಹೇಳಿಬಿಡಬೇಕು, ಏಕೆಂದರೆ ಯಾರು ಹೊರಡಬಹುದಿತ್ತು, ಯಾರು ಹೊರಡಲಾರದವರು ಎಂಬುದರಲ್ಲಿ ನೆಲದ ಪಾತ್ರವೂ ಇದೆ. ಸುಮಾರು 33 ಕೋಟಿ ವರ್ಷಗಳ ಹಿಂದೆ ಇಲ್ಲಿ ಬೆಚ್ಚನೆಯ, ಆಳವಿಲ್ಲದ ಕಡಲಿತ್ತು. ಅದರ ಜೀವಿಗಳ ಚಿಪ್ಪು, ಎಲುಬುಗಳು ಪದರ ಪದರವಾಗಿ ಕೂತು ಈಗಿನ ಬಿಳಿ ಸುಣ್ಣಕಲ್ಲಾಗಿವೆ. ಪ್ರಸ್ಥಭೂಮಿ ಎಂದರೆ ಬಯಲು ಎಂದುಕೊಳ್ಳಬಾರದು. ಅಲೆ ಅಲೆಯಾದ ಹುಲ್ಲುಗಾವಲು, ನಡುನಡುವೆ ಇದ್ದಕ್ಕಿದ್ದಂತೆ ಕಡಿದಾಗಿ ಇಳಿಯುವ ಕಣಿವೆಗಳು. ಎಷ್ಟೋ ಕಣಿವೆಗಳಲ್ಲಿ ಹೊಳೆಯೇ ಇಲ್ಲ. ಸುಣ್ಣಕಲ್ಲು ನೀರನ್ನು ಮೇಲೆ ನಿಲ್ಲಗೊಡುವುದಿಲ್ಲ, ಬಿರುಕುಗಳಲ್ಲಿ ಕುಡಿದುಬಿಡುತ್ತದೆ. ಉತ್ತರದ ದಿಣ್ಣೆಯಿಂದ ಇಳಿದು ಬರುವ ಒಂದು ತೊರೆ ಫೂಲೋ ಹತ್ತಿರ ಸುಣ್ಣಕಲ್ಲನ್ನು ಮುಟ್ಟಿದ ಕೂಡಲೇ ಒಂದು ಗುಂಡಿಗೆ ಬಿದ್ದು ನೆಲದೊಳಗೆ ಕಾಣೆಯಾಗುತ್ತದೆ. ಹಾಗಾಗಿ ಇಲ್ಲಿನ ಹಳೆಯ ಊರುಗಳೆಲ್ಲ ನೀರು ಎಲ್ಲಿ ಸಿಗುತ್ತದೋ ಅಲ್ಲಿಗೇ ಅಂಟಿಕೊಂಡು ಬೆಳೆದವು. ಈಮ್ ಇರುವುದು ಸುಣ್ಣಕಲ್ಲೂ ಉತ್ತರದ ಒರಟು ಮರಳುಗಲ್ಲೂ ಸಂಧಿಸುವ ಅಂಚಿನಲ್ಲಿ. ಫೂಲೋದ ನಡುವೆ ಒಂದು ಕೊಳ, ಅದರ ಪಕ್ಕ ಮಧ್ಯಕಾಲದ ಕಲ್ಲಿನ ಶಿಲುಬೆ, ಸುತ್ತ ಹತ್ತಿಪ್ಪತ್ತು ಮನೆ.

ಈಮ್‌ನಿಂದ ಫೂಲೋಗೆ ಹೊಲಗಳ ನಡುವೆಯೇ ದಾರಿ. ಹೊಲದಿಂದ ಹೊಲಕ್ಕೆ ಗಾರೆಯಿಲ್ಲದೆ ಪೇರಿಸಿದ ಕಲ್ಲಿನ ಪಾಗಾರಗಳು. ಒಂದೊಂದು ಪಾಗಾರದಲ್ಲೂ ಮನುಷ್ಯ ಅಡ್ಡ ತಿರುಗಿ ನುಸುಳಬಹುದಾದ, ಕುರಿ ದನ ದಾಟಲಾಗದ ಕಿರಿದಾದ ಸಂದಿ. ಮಲೆನಾಡಿನವರು ಇದನ್ನು ನೋಡಿದರೆ ತಡಮೆ ಎಂದು ಕೂಡಲೇ ಗುರುತಿಸುತ್ತಾರೆ. ಎಣಿಸುತ್ತಾ ಹೋದರೆ ಲೆಕ್ಕ ತಪ್ಪುವಷ್ಟು ತಡಮೆಗಳಿವೆ. ಒಂದು ಕಾಲಕ್ಕೆ ಎಲ್ಲರದ್ದಾಗಿದ್ದ ಗೋಮಾಳಗಳಿಗೂ ಕಾನೂನಿನ ಬಲದಿಂದ ಬೇಲಿ ಬಿದ್ದದ್ದು ಮುಖ್ಯವಾಗಿ 18 ಮತ್ತು 19ನೇ ಶತಮಾನದಲ್ಲಿ. ಪ್ಲೇಗಿನ ಕಾಲಕ್ಕೆ ಇಷ್ಟೊಂದು ಪಾಗಾರಗಳಿರಲಿಲ್ಲ. ಅಂದರೆ 1666ರಲ್ಲಿ ಈ ನೆಲ ಈಗಿಗಿಂತ ಬಿಚ್ಚಾಗಿತ್ತು. ಓಡುವವನಿಗೆ ಅಡ್ಡವಾಗಿ ಕಲ್ಲು ಇರಲಿಲ್ಲ.

ನಡೆದದ್ದು ಇಷ್ಟು. 1665ರ ಬೇಸಿಗೆಯ ಕೊನೆಗೆ ಲಂಡನ್ನಿನಲ್ಲಿ ಪ್ಲೇಗು ತಾರಕಕ್ಕೇರಿದ್ದಾಗ ಅಲ್ಲಿಂದ ಈಮ್‌ನ ದರ್ಜಿಯೊಬ್ಬನಿಗೆ ಬಟ್ಟೆಯ ಗಂಟೊಂದು ಬಂತು. ಬಟ್ಟೆ ಒದ್ದೆಯಾಗಿತ್ತು. ದರ್ಜಿಯ ಸಹಾಯಕ ಜಾರ್ಜ್ ವಿಕಾರ್ಸ್ ಅದನ್ನು ಬಿಚ್ಚಿ ಬೆಂಕಿಯ ಮುಂದೆ ಹರವಿದ. ಚಿಗಟಗಳು ಅದರಲ್ಲಿ ಬಂದವೆಂದು ಈಗ ಹೇಳುತ್ತಾರೆ. ಸೆಪ್ಟೆಂಬರ್ ಮೊದಲ ವಾರದಲ್ಲಿ ವಿಕಾರ್ಸ್ ಸತ್ತ. ಚಳಿಗಾಲದಲ್ಲಿ ಸಾವು ಕಡಿಮೆಯಾಯಿತು, ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ 1666ರ ಬೇಸಿಗೆಗೆ ಮತ್ತೆ ಭುಗಿಲೆದ್ದಿತು. ಜೂನ್‌ನಲ್ಲಿ ಊರಿನ ಪಾದ್ರಿ ವಿಲಿಯಂ ಮಾಂಪೆಸನ್ ಮೂರು ಮಾತುಗಳನ್ನು ಮುಂದಿಟ್ಟ. ಇನ್ನು ಚರ್ಚಿನ ಅಂಗಳದಲ್ಲಿ ಹೂಳುವುದು ಬೇಡ, ಅವರವರ ಸತ್ತವರನ್ನು ಅವರವರೇ ತಮ್ಮ ಹಿತ್ತಲಲ್ಲೋ ಹೊಲದಲ್ಲೋ ಹೂಳಲಿ. ಪ್ರಾರ್ಥನೆ ಚರ್ಚಿನೊಳಗೆ ಬೇಡ, ಕಕ್ಲೆಟ್ ಡೆಲ್ಫ್ ಎಂಬ ಹಳ್ಳದಲ್ಲಿ, ಬಯಲಿನಲ್ಲಿ, ಮನೆಮನೆಯವರು ಬೇರೆ ಬೇರೆ ನಿಂತು. ಮೂರನೆಯದು, ಊರಿನ ಗಡಿ ದಾಟಿ ಯಾರೂ ಹೋಗಬಾರದು.

ಗಡಿಯ ಗುರುತುಗಳು ಈಗಲೂ ಇವೆ. ಉತ್ತರದ ದಿಣ್ಣೆಯ ದಾರಿಯಲ್ಲಿ ಮಾಂಪೆಸನ್ನನ ಬಾವಿ ಎಂದು ಕರೆಯುವ ಒರತೆ. ಆಗ್ನೇಯಕ್ಕೆ, ಸ್ಟೋನಿ ಮಿಡಲ್ಟನ್ ಊರಿನ ಕಡೆಗೆ, ಹೊಲದ ನಡುವೆ ಒಂದು ದೊಡ್ಡ ಕಲ್ಲು, ಅದರಲ್ಲಿ ಆರು ಕುಳಿಗಳು. ಹೊರಗಿನವರು ಹಿಟ್ಟು, ಬ್ರೆಡ್ಡು, ಔಷಧಿ ತಂದಿಟ್ಟು ಹೋಗುತ್ತಿದ್ದರು. ಅದಕ್ಕೆ ಕೊಡಬೇಕಾದ ನಾಣ್ಯಗಳನ್ನು ಒಳಗಿನವರು ಆ ಕುಳಿಗಳಲ್ಲಿ ವಿನೆಗರ್ ಹಾಕಿ ಅದರಲ್ಲಿ ಮುಳುಗಿಸಿಡುತ್ತಿದ್ದರು. ಚಾಟ್ಸ್‌ವರ್ತ್‌ನಲ್ಲಿದ್ದ ಡೆವನ್‌ಶೈರ್‌ನ ಅರ್ಲ್ ಊರಿಗೆ ಬೇಕಾದ ಸಾಮಗ್ರಿಗಳನ್ನು ಒದಗಿಸಿದ. ಕೊನೆಯ ಸಾವು 1666ರ ನವೆಂಬರ್ 1ರಂದು. ಹದಿನಾಲ್ಕು ತಿಂಗಳಲ್ಲಿ ಸತ್ತವರು ಸುಮಾರು 260. ಊರಿನ ಜನಸಂಖ್ಯೆ 350 ಇತ್ತೆಂದು ಹಿಂದೆ ನಂಬಿದ್ದರು. ಹಾಗಾದರೆ ನಾಲ್ವರಲ್ಲಿ ಮೂವರು ಹೋದಂತೆ. ಈಚಿನ ಲೆಕ್ಕಗಳು 700ರ ಸುಮಾರಿಗೆ ಇತ್ತು ಎನ್ನುತ್ತವೆ. ಆಗ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು. ಎರಡನೆಯ ಲೆಕ್ಕದಿಂದ ಕಥೆಯ ಭೀಕರತೆ ಕಡಿಮೆಯಾಯಿತು ಎಂದು ಯಾರಿಗಾದರೂ ಅನ್ನಿಸಿದರೆ ಅವರೊಡನೆ ನನಗೆ ಮಾತಿಲ್ಲ.

ಮಾಂಪೆಸನ್ ಒಬ್ಬನೇ ಹೇಳಿದ್ದರೆ ಊರು ಕೇಳುತ್ತಿತ್ತೋ ಇಲ್ಲವೋ. ಅವನು ಬಂದು ಎರಡು ವರ್ಷವಷ್ಟೇ ಆಗಿತ್ತು, ಇನ್ನೂ ಮೂವತ್ತು ದಾಟದ ಹುಡುಗ. ಅವನಿಗಿಂತ ಮುಂಚೆ ಅಲ್ಲಿ ಪಾದ್ರಿಯಾಗಿದ್ದ ಥಾಮಸ್ ಸ್ಟ್ಯಾನ್ಲಿ ಪ್ಯೂರಿಟನ್ ಪಂಥದವನು. ರಾಜಪ್ರಭುತ್ವ ಮರಳಿದ ಮೇಲೆ ಸರ್ಕಾರಿ ಪ್ರಾರ್ಥನಾ ಪುಸ್ತಕವನ್ನು ಒಪ್ಪದೆ 1662ರಲ್ಲಿ ಹುದ್ದೆ ಕಳೆದುಕೊಂಡವನು. ಊರಿನ ಎಷ್ಟೋ ಜನರ ಮನಸ್ಸು ಅವನ ಕಡೆಗೇ ಇತ್ತು. ಕಳೆದುಕೊಂಡವನೂ ಆ ಜಾಗದಲ್ಲಿ ಕೂತವನೂ ಒಟ್ಟಿಗೆ ನಿಂತು ಒಂದೇ ಮಾತು ಹೇಳಿದ್ದು ಸಣ್ಣ ಸಂಗತಿಯಲ್ಲ. ಇಡೀ ಕಥೆಯಲ್ಲಿ ನನಗೆ ಅತ್ಯಂತ ನಿಜ ಅನ್ನಿಸುವ ಭಾಗವೇ ಇದು. ಪರಸ್ಪರ ಆಗದ ಇಬ್ಬರು ಒಪ್ಪಿದರೆ ಅದರಲ್ಲಿ ಏನೋ ಇರಬೇಕು ಎಂದು ಜನ ಎಲ್ಲ ಕಾಲಕ್ಕೂ ಅಂದುಕೊಳ್ಳುತ್ತಾರೆ.

ಆದರೆ ಇದೇ ಮಾಂಪೆಸನ್, ಗಡಿ ಮುಚ್ಚುವ ಮಾತಿಗೆ ಮುಂಚೆಯೇ, ತನ್ನ ಇಬ್ಬರು ಮಕ್ಕಳನ್ನು ಯಾರ್ಕ್‌ಶೈರ್‌ಗೆ ಕಳಿಸಿಬಿಟ್ಟಿದ್ದ. ಹೆಂಡತಿ ಕ್ಯಾಥರೀನ್ ಮಾತ್ರ ಜೊತೆಯಲ್ಲಿ ಉಳಿದಳು, ಆಗಸ್ಟ್‌ನಲ್ಲಿ ಸತ್ತಳು. ಉಳಿದವರು ತಮ್ಮವರನ್ನು ಹೊಲಗಳಲ್ಲಿ ಹೂಳುತ್ತಿದ್ದಾಗ ಅವಳ ಸಮಾಧಿ ಚರ್ಚಿನ ಅಂಗಳದಲ್ಲೇ ಆಯಿತು, ಈಗಲೂ ಅಲ್ಲಿದೆ. ಊರಿನ ಉಳ್ಳವರಲ್ಲಿ ಕೆಲವರೂ ಜೂನ್‌ಗೆ ಮೊದಲೇ ಹೊರಟುಹೋಗಿದ್ದರು. ಮಾಂಪೆಸನ್ನನನ್ನು ಕಪಟಿ ಎನ್ನಲು ಇದನ್ನು ಹೇಳುತ್ತಿಲ್ಲ. ಮಕ್ಕಳನ್ನು ಕಳಿಸಿದ ತಂದೆ ತಾನು ಉಳಿದ, ಹೆಂಡತಿಯನ್ನು ಕಳೆದುಕೊಂಡ. ಅವನು ಸಾಯಲು ಸಿದ್ಧನಿದ್ದ ಎಂಬುದರಲ್ಲಿ ಅನುಮಾನವಿಲ್ಲ. ನನ್ನನ್ನು ಕಾಡುವುದು ಬೇರೆ: ಕಳಿಸಲು ಅವನಿಗೆ ಒಂದು ಜಾಗವಿತ್ತು. ಮಕ್ಕಳನ್ನು ಇಟ್ಟುಕೊಳ್ಳುವ ಬಂಧುಗಳಿದ್ದರು, ಅಲ್ಲಿಗೆ ಮುಟ್ಟಿಸುವ ಅನುಕೂಲವಿತ್ತು.

ಸೀಸದ ಗಣಿಯಲ್ಲಿ ದುಡಿಯುವವನಿಗೆ ಏನಿತ್ತು? ಈ ಸುಣ್ಣಕಲ್ಲಿನ ಬಿರುಕುಗಳಲ್ಲಿ ಸೀಸದ ಅದಿರಿದೆ, ರೋಮನ್ನರ ಕಾಲದಿಂದಲೂ ಅಗೆಯುತ್ತಾ ಬಂದಿದ್ದಾರೆ. ಗಣಿಗಾರರ ಕಟ್ಟಳೆ ವಿಚಿತ್ರವಾಗಿತ್ತು. ಚರ್ಚಿನ ಅಂಗಳ, ತೋಟ, ಹೆದ್ದಾರಿ ಬಿಟ್ಟು ಯಾರ ನೆಲದಲ್ಲಾದರೂ ಅದಿರು ಹುಡುಕುವ ಹಕ್ಕು ಬಡವನಿಗೂ ಇತ್ತು. ಆದರೆ ಕೆಲಸ ನಿಲ್ಲಿಸಿದರೆ ಗಣಿಯ ಅಧಿಕಾರಿ ಬಂದು ಅವನ ಹಗ್ಗದ ರಾಟೆಯ ಮರಕ್ಕೆ ವಾರಕ್ಕೊಂದರಂತೆ ಕಚ್ಚು ಹಾಕುತ್ತಿದ್ದ. ಮೂರು ಕಚ್ಚು ಬಿದ್ದರೆ ಗಣಿ ಬೇರೆಯವರ ಪಾಲು. ಊರು ಬಿಡುವುದೆಂದರೆ ಬದುಕನ್ನೇ ಬಿಡುವುದು. ಬಿಟ್ಟು ಹೋದರೂ ಎಲ್ಲಿಗೆ? 1662ರಲ್ಲಿ, ಸ್ಟ್ಯಾನ್ಲಿ ಕೆಲಸ ಕಳೆದುಕೊಂಡ ಅದೇ ವರ್ಷ, ಇಂಗ್ಲೆಂಡಿನಲ್ಲಿ ಇನ್ನೊಂದು ಕಾನೂನು ಬಂದಿತ್ತು. ಬೇರೆ ಪ್ಯಾರಿಷ್‌ಗೆ ಬಂದು ನೆಲೆಸಲು ನೋಡುವ ಬಡವರನ್ನು ನಲವತ್ತು ದಿನಗಳೊಳಗೆ ಅವರ ಊರಿಗೇ ವಾಪಸು ಅಟ್ಟಬಹುದು ಎಂಬ ಕಾನೂನು. ರೋಗವಿಲ್ಲದ ಕಾಲದಲ್ಲೇ ಹೀಗೆ. ರೋಗದ ಕಾಲದಲ್ಲಿ ಸೋಂಕಿನ ಮನೆಗಳಿಗೆ ಬೀಗ ಹಾಕಿ, ಕಾವಲು ಇಟ್ಟು, ಹೊರಬಂದವರ ಮೇಲೆ ಬಲ ಪ್ರಯೋಗಿಸುವ ಅಧಿಕಾರವೂ 1604ರ ಕಾನೂನಿನಲ್ಲಿ ಇತ್ತು. ಈಮ್‌ನ ಹೆಂಗಸೊಬ್ಬಳು ಹೇಗೋ ತಪ್ಪಿಸಿಕೊಂಡು ಪಕ್ಕದ ಟೈಡ್ಸ್‌ವೆಲ್ ಸಂತೆಗೆ ಹೋದಳೆಂದೂ, ಯಾರೋ ಗುರುತು ಹಿಡಿದು ಕೂಗಿದಾಗ ಜನ ಮಣ್ಣು ಕಲ್ಲು ಎಸೆದು ಓಡಿಸಿದರೆಂದೂ ಒಂದು ಕಥೆ ಈ ಸೀಮೆಯಲ್ಲಿ ಉಳಿದುಬಂದಿದೆ. ಕಥೆ ನಿಜವಿರಲಿ ಬಿಡಲಿ, ಅದನ್ನು ನೆನಪಿಟ್ಟುಕೊಂಡವರಿಗೆ ಹೊರಗೆ ಏನು ಕಾದಿತ್ತು ಎಂಬುದು ಗೊತ್ತಿತ್ತು.

ಫೂಲೋದಿಂದ ಬ್ರೆಟನ್‌ಗೆ ಏರು ದಾರಿ. ಮೇಲೆ ನಿಂತು ದಕ್ಷಿಣಕ್ಕೆ ನೋಡಿದರೆ ಇಡೀ ಪ್ರಸ್ಥಭೂಮಿ ಚಾಪೆ ಹಾಸಿದಂತೆ ಕಾಣುತ್ತದೆ. ಬಿಳಿ ಗೀಟುಗಳಂತೆ ಪಾಗಾರಗಳು, ದೂರ ದೂರದ ಚರ್ಚಿನ ಗೋಪುರಗಳು. ಇಲ್ಲಿ ನಿಂತರೆ ಯಾವ ಊರೂ ಯಾವ ಊರಿಗೂ ದೂರವಿಲ್ಲ. ಸಂತೆ, ಮದುವೆ, ಕೂಲಿ, ಸಾಲ ಎಲ್ಲಕ್ಕೂ ಇವರು ಒಬ್ಬರನ್ನೊಬ್ಬರು ಅವಲಂಬಿಸಿದವರು. ಒಳಗಿನವರು ಹೊರಗೆ ಕಾಲಿಟ್ಟಿದ್ದರೆ ರೋಗ ಎಷ್ಟು ಬೇಗ ಹರಡಬಹುದಿತ್ತು ಎಂಬುದು ಕಣ್ಣಿಗೇ ಕಾಣುತ್ತದೆ. ಬ್ರೆಟನ್‌ನಲ್ಲಿ ನಿಂತು ಈಮ್‌ನವರ ನಿರ್ಧಾರ ತಪ್ಪು ಎನ್ನಲು ಬಾಯಿ ಬರುವುದಿಲ್ಲ.

ಇತಿಹಾಸಕಾರರಲ್ಲಿ ಕೆಲವರು ಈ ಕಥೆಯನ್ನೇ ಅನುಮಾನಿಸಿದ್ದಾರೆ. ಪ್ಯಾಟ್ರಿಕ್ ವಾಲಿಸ್ 2006ರಲ್ಲಿ ಬರೆದ ಪ್ರಬಂಧದಲ್ಲಿ, ಇಡೀ ಊರು ಸ್ವಇಚ್ಛೆಯಿಂದ ಬಲಿಯಾಯಿತು ಎಂಬ ವೀರಗಾಥೆ ಬಹುಮಟ್ಟಿಗೆ ನಂತರದ ಕಾಲದವರು ಕಟ್ಟಿದ್ದು ಎಂದು ತೋರಿಸಿದ. ಆ ಕಾಲದ ಸಾಕ್ಷ್ಯವೆಂದು ಇರುವುದು ಮಾಂಪೆಸನ್ ಬರೆದ ಮೂರು ಪತ್ರಗಳು, ಚರ್ಚಿನ ರಿಜಿಸ್ಟರು, ಹೆಚ್ಚಿಗೆ ಏನಿಲ್ಲ. ಈಮ್‌ನಲ್ಲೇ ಹುಟ್ಟಿದ ಕವಯಿತ್ರಿ ಅನ್ನಾ ಸೀವರ್ಡ್ 18ನೇ ಶತಮಾನದಲ್ಲೂ, ಅದೇ ಊರಿನ ವಿಲಿಯಂ ವುಡ್ 1842ರ ತನ್ನ ಪುಸ್ತಕದಲ್ಲೂ ಕಥೆಗೆ ಬಣ್ಣ ತುಂಬಿದರು. ಪ್ರೇಮಿಗಳು ಹಳ್ಳದ ಆಚೆ ಈಚೆ ನಿಂತು ನೋಡುತ್ತಿದ್ದರು ಎಂಬಂಥ ಪ್ರಸಂಗಗಳು ಸೇರಿಕೊಂಡವು.

ಇದನ್ನು ಓದಿದವರಲ್ಲಿ ಒಂದು ಬಗೆಯ ಉತ್ಸಾಹ ಹುಟ್ಟುವುದನ್ನು ಕಂಡಿದ್ದೇನೆ: ಹಾಗಾದರೆ ತ್ಯಾಗವೂ ಇಲ್ಲ, ಏನೂ ಇಲ್ಲ, ಇಬ್ಬರು ಪಾದ್ರಿಗಳು ಸೇರಿ ಬಡವರನ್ನು ಸಾಯಲು ಬಿಟ್ಟರು. ಇದೂ ಸೋಮಾರಿ ಉತ್ತರವೇ. ಪೂರಾ ಸ್ವತಂತ್ರವಾಗಿ ಮಾಡಿದ್ದಕ್ಕೆ ಮಾತ್ರ ಬೆಲೆ ಎಂದರೆ ನಮ್ಮ ಅಜ್ಜಿ, ತಾಯಂದಿರು ಮಾಡಿದ ಯಾವುದಕ್ಕೂ ಬೆಲೆಯಿಲ್ಲ ಎಂದಂತಾಗುತ್ತದೆ. ಬೇರೆ ದಾರಿ ಕಡಿಮೆ ಇದ್ದವನೂ ಇರುವ ದಾರಿಯಲ್ಲಿ ಹೇಗೆ ನಡೆದ ಎಂಬುದು ಅವನದೇ. ಕಾವಲುಗಾರರು ಸುತ್ತುವರಿದು ನಿಂತಿದ್ದ ಊರಲ್ಲ ಈಮ್. ರಾತ್ರಿ ಹೊತ್ತು ಎದ್ದು ಉತ್ತರದ ದಿಣ್ಣೆಯ ಮರಡಿಗಳಲ್ಲಿ ಮರೆಯಾಗಬಹುದಿತ್ತು. ಬದುಕು ಹಾಳಾದರೂ ಜೀವ ಉಳಿಯಲಿ ಎಂದು ಓಡಬಹುದಿತ್ತು. ಗಡಿಕಲ್ಲಿನ ತನಕ ಹೋಗಿ ಹಿಟ್ಟಿನ ಚೀಲ ಹೊತ್ತು ವಾಪಸು ಬಂದವನು ಆ ದಿನದ ಮಟ್ಟಿಗೆ ಒಂದು ನಿರ್ಧಾರ ಮಾಡಿದ್ದ. ಮರುದಿನ ಮತ್ತೆ ಮಾಡಬೇಕಿತ್ತು. ಜೂನ್‌ನಲ್ಲಿ ಹಳ್ಳದಲ್ಲಿ ನಿಂತು ಒಪ್ಪಿದ್ದು ಒಂದು ಸಲ. ಕಲ್ಲಿನ ಹತ್ತಿರ ತಿರುಗಿದ್ದು ನೂರಾರು ಸಲ. ಪಾದ್ರಿಗಳ ಹೆಸರಿನಲ್ಲಿ ಬರೆದ ಲೆಕ್ಕ ಈ ಹೆಸರಿಲ್ಲದ ತಿರುಗುವಿಕೆಗಳ ಖಾತೆಗೆ ಹೋಗಬೇಕು.

ಹಾಗಿದ್ದರೆ ತ್ಯಾಗ ಎನ್ನಲು ನನಗೇನು ಅಡ್ಡಿ? ಅಡ್ಡಿ ಮಕ್ಕಳದ್ದು. 2016ರಲ್ಲಿ ಲಿಲಿತ್ ವಿಟಲ್ಸ್ ಮತ್ತು ಕ್ಸೇವಿಯರ್ ಡಿಡೆಲೋ ಈಮ್‌ನ ದಾಖಲೆಗಳನ್ನು ಗಣಿತದ ಮಾದರಿಯಲ್ಲಿಟ್ಟು ಪರಿಶೀಲಿಸಿದರು. ಅವರ ಪ್ರಕಾರ ಸೋಂಕುಗಳಲ್ಲಿ ಇಲಿಗಳಿಂದ ಬಂದದ್ದು ಕಾಲು ಪಾಲು, ಮುಕ್ಕಾಲು ಪಾಲು ಮನುಷ್ಯರಿಂದ ಮನುಷ್ಯರಿಗೇ ಹರಡಿದ್ದು. ಒಂದೇ ಮನೆಯಲ್ಲಿರುವವರ ನಡುವೆ ಹರಡುವ ಬಿರುಸು ಊರಿನ ಉಳಿದವರಿಗೆ ಹರಡುವುದಕ್ಕಿಂತ ಹೆಚ್ಚು. ಇದರೊಂದಿಗೆ ಇನ್ನೆರಡು ಸಂಗತಿ: ಬಡವರಿಗೆ ಅಪಾಯ ಹೆಚ್ಚು, ದೊಡ್ಡವರಿಗೆ ಅಪಾಯ ಕಡಿಮೆ. ಅಂದರೆ ತೂಕ ಬಿದ್ದದ್ದು ಬಡವರ ಮೇಲೆ, ಮಕ್ಕಳ ಮೇಲೆ. ಜೂನ್‌ನ ಆ ಸಭೆಯಲ್ಲಿ ತಲೆಯಾಡಿಸಿದವರು ದೊಡ್ಡವರು. ನನ್ನ ಜೀವವನ್ನು ನಾನು ಒತ್ತೆಯಿಟ್ಟರೆ ಅದು ತ್ಯಾಗ. ನನ್ನ ಆರು ವರ್ಷದ ಮಗಳ ಜೀವವನ್ನು ನಾನು ಒತ್ತೆಯಿಟ್ಟರೆ ಅದಕ್ಕೆ ಏನೆನ್ನಬೇಕು? ಪಕ್ಕದೂರಿನ ಆರು ವರ್ಷದ ಮಗಳು ಅದರಿಂದ ಬದುಕಿಕೊಂಡಳು ಎಂಬುದು ನಿಜವೇ. ಅದು ನನ್ನ ಕೆಲಸವನ್ನು ಸರಿಯೆನ್ನಿಸಬಹುದು; ಮಗಳ ಸಾವನ್ನು ಅವಳ ತ್ಯಾಗವನ್ನಾಗಿ ಮಾಡಲಾರದು. ಮಾಂಪೆಸನ್ ತನ್ನ ಮಕ್ಕಳ ವಿಷಯದಲ್ಲಿ ಇದನ್ನು ಒಳಗೊಳಗೇ ಒಪ್ಪಿಕೊಂಡಿದ್ದ ಎಂದೇ ನನ್ನ ಎಣಿಕೆ.

ದಿಣ್ಣೆಯಿಂದ ಇಳಿದು ಊರಿನ ಪೂರ್ವಕ್ಕೆ ಸ್ವಲ್ಪ ಸರಿದರೆ, ಹೊಲದ ನಡುವೆ ತಗ್ಗು ಗೋಡೆಯ ವೃತ್ತವೊಂದು ಸಿಗುತ್ತದೆ. ರೈಲಿ ಗೋರಿಗಳು ಎನ್ನುತ್ತಾರೆ. ಎಲಿಜಬೆತ್ ಹ್ಯಾನ್ಕಾಕ್ 1666ರ ಆಗಸ್ಟ್ ತಿಂಗಳ ಎಂಟು ದಿನಗಳಲ್ಲಿ ತನ್ನ ಗಂಡನನ್ನೂ ಆರು ಮಕ್ಕಳನ್ನೂ ಒಬ್ಬಳೇ ಹೊತ್ತು ಹೂತ ಜಾಗ. ಅವಳ ಮನೆ ಊರಿನಿಂದ ಪ್ರತ್ಯೇಕವಾಗಿ ಎತ್ತರದಲ್ಲಿತ್ತು. ಆಚೆ ಗುಡ್ಡದಿಂದ ಸ್ಟೋನಿ ಮಿಡಲ್ಟನ್ನಿನವರು ಅವಳು ಗುಂಡಿ ತೋಡುವುದನ್ನು ನೋಡುತ್ತಿದ್ದರು, ಹತ್ತಿರ ಬರಲು ಯಾರಿಗೂ ಧೈರ್ಯವಾಗಲಿಲ್ಲ ಎಂದು ಹೇಳುತ್ತಾರೆ. ಅವಳಿಗೆ ಸೋಂಕು ತಗಲಲಿಲ್ಲ. ಎಲ್ಲ ಮುಗಿದ ಮೇಲೆ ಅವಳು ಊರು ಬಿಟ್ಟು, ಶೆಫೀಲ್ಡ್‌ನಲ್ಲಿ ಕೆಲಸ ಕಲಿಯುತ್ತಿದ್ದ ಉಳಿದೊಬ್ಬ ಮಗನ ಬಳಿಗೆ ಹೋದಳು. ಈ ಕಥೆಯಲ್ಲಿ ಅವಳನ್ನು ತ್ಯಾಗಮೂರ್ತಿ ಎನ್ನುವ ಬರಹಗಳಿವೆ. ಏಳು ಗುಂಡಿ ತೋಡಿದವಳು ಯಾರಿಗೆ ಏನನ್ನು ಕೊಟ್ಟಳು? ಅವಳಿಂದ ಕಿತ್ತುಕೊಂಡದ್ದಕ್ಕೆ ಅವಳು ಕೊಟ್ಟಳು ಎಂದು ರಸೀದಿ ಬರೆದಂತಾಯಿತು.

ಇನ್ನೊಬ್ಬನಿದ್ದಾನೆ, ಮಾರ್ಷಲ್ ಹೌ. ರೋಗ ಬಂದು ಬದುಕುಳಿದ ಗಟ್ಟಿ ಆಳು, ಇನ್ನು ತನಗೆ ಭಯವಿಲ್ಲವೆಂದುಕೊಂಡು ಹೂಳುವವರಿಲ್ಲದ ಮನೆಗಳ ಹೆಣಗಳನ್ನು ತಾನು ಹೂಳುತ್ತಿದ್ದ. ಕೂಲಿಯ ಬದಲು ಸತ್ತವರ ಮನೆಯ ಸಾಮಾನು ಒಯ್ಯುತ್ತಿದ್ದ. ಬಳಿಕ ಅವನ ಹೆಂಡತಿಯೂ ಮಗನೂ ಸತ್ತರು. ಒಯ್ದ ಬಟ್ಟೆಬರೆಯಿಂದಲೇ ಎಂದು ಊರು ಆಡಿಕೊಂಡಿತು. ಹೌ ಯಾವ ಪುಣ್ಯಕಥೆಗೂ ಹೊಂದುವುದಿಲ್ಲ. ಆದರೂ ಅವನಿಲ್ಲದಿದ್ದರೆ ಹೆಣಗಳು ಮನೆಗಳಲ್ಲೇ ಕೊಳೆಯುತ್ತಿದ್ದವು. ಊರು ಎಂದಾಗ ಇವನನ್ನೂ ಸೇರಿಸಿ ಹೇಳಬೇಕು.

ನಮ್ಮಲ್ಲಿ ಪ್ಲೇಗಿನ ನೆನಪು ಇದಕ್ಕೆ ತದ್ವಿರುದ್ಧ. 1896ರಲ್ಲಿ ಮುಂಬಯಿಗೆ ಬಂದ ರೋಗ ರೈಲಿನ ದಾರಿ ಹಿಡಿದು ಹುಬ್ಬಳ್ಳಿ, ಧಾರವಾಡಗಳಿಗೆ, 1898ರ ಆಗಸ್ಟ್ ಹೊತ್ತಿಗೆ ಬೆಂಗಳೂರಿಗೆ ಮುಟ್ಟಿತು. ಆಗ ಊರಿನ ಜನ ಮಾಡಿದ್ದು ಊರು ಬಿಡುವುದನ್ನು. ಇಲಿ ಬಿದ್ದವು ಎಂದರೆ ಸಾಕು, ಮನೆಗೆ ಕದ ಹಾಕಿ ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ತಿಂಗಳುಗಟ್ಟಲೆ ಅಲ್ಲೇ ಅಡುಗೆ, ಅಲ್ಲೇ ಬಾಣಂತನ. ಬೆಂಗಳೂರಿನ ಪ್ಲೇಗಮ್ಮನ ಗುಡಿಗಳು ಆ ಕಾಲದ ಗುರುತಾಗಿ ಉಳಿದಿವೆ. ಸರ್ಕಾರದ 1897ರ ಸಾಂಕ್ರಾಮಿಕ ರೋಗ ಕಾಯ್ದೆಯ ಕೆಳಗೆ ನಡೆದ ಮನೆ ತಪಾಸಣೆ, ಬಲವಂತದ ಆಸ್ಪತ್ರೆ ವಾಸಗಳಿಗೆ ಹೆದರಿ ಜನ ರೋಗಿಗಳನ್ನು ಅಡಗಿಸಿಟ್ಟದ್ದೂ ಉಂಟು. ಮೇಲುನೋಟಕ್ಕೆ ಈಮ್‌ನವರು ಉಳಿದರು, ನಮ್ಮವರು ಓಡಿದರು ಎಂದು ಕಾಣುತ್ತದೆ. ಹಾಗಲ್ಲ. ತಮ್ಮದೇ ಹೊಲಕ್ಕೆ ಹೋಗಿ ಕೂತವನು ಇಲಿಯಿಂದ ದೂರವಾದ, ಇನ್ನೊಂದು ಊರಿಗೆ ರೋಗ ಒಯ್ಯಲಿಲ್ಲ. ಬಹುಶಃ ಎರಡೂ ಕಡೆಯ ನಿರ್ಧಾರಗಳಲ್ಲಿ ಇದೇ ಹೆಚ್ಚು ಜಾಣತನದ್ದು. ಆದರೆ ಗುಡಿಸಲು ಹಾಕಲು ಹೊಲ ಬೇಕು. ಹೊಲವಿಲ್ಲದವರು ಆಗ ಎಲ್ಲಿಗೆ ಹೋದರು ಎಂಬ ಕಥೆ ನಮ್ಮ ಹಿರಿಯರ ನೆನಪುಗಳಲ್ಲಿ ಅಷ್ಟಾಗಿ ಕೇಳಿಸುವುದಿಲ್ಲ.

2020ರ ಮಾರ್ಚ್, ಏಪ್ರಿಲ್‌ನಲ್ಲಿ ನಾವು ಮೂರನೆಯ ಬಗೆಯೊಂದನ್ನು ಕಂಡೆವು. ಕರ್ನಾಟಕದ ಎಷ್ಟೋ ಹಳ್ಳಿಗಳು ಊರ ರಸ್ತೆಗೆ ಮುಳ್ಳುಕಂಟಿ, ಕಲ್ಲು, ಮರದ ದಿಮ್ಮಿ ಅಡ್ಡ ಹಾಕಿದವು. ಬೆಂಗಳೂರಿನಿಂದ ನಡೆದು ಬಂದ ತಮ್ಮದೇ ಹುಡುಗರು ಬೇಲಿಯ ಆಚೆ ನಿಂತರು. ಈಮ್‌ನಲ್ಲಿ ಗೆರೆ ಎಳೆದದ್ದು ಒಳಗಿದ್ದ ರೋಗ ಹೊರಗೆ ಹೋಗದಿರಲೆಂದು, ಇಲ್ಲಿ ಹೊರಗಿನ ರೋಗ ಒಳಗೆ ಬರದಿರಲೆಂದು. ಎರಡನೆಯದಕ್ಕೆ ಯಾರೂ ತ್ಯಾಗ ಎನ್ನುವುದಿಲ್ಲ. ಆದರೆ ನಗರದಲ್ಲಿ ಕೂಲಿ ನಿಂತು, ಬಾಡಿಗೆ ಕಟ್ಟಲಾಗದೆ, ನಡೆಯಲೂ ಬಿಡದೆ ಶೆಡ್ಡುಗಳಲ್ಲಿ ಉಳಿದವರನ್ನು ಕುರಿತು, ದೇಶಕ್ಕಾಗಿ ಅವರ ತ್ಯಾಗ ಎಂಬ ಮಾತುಗಳು ಆಗ ಧಾರಾಳವಾಗಿ ಓಡಾಡಿದವು.

ಆ ಮಾತು ಯಾರ ಬಾಯಿಂದ ಬರುತ್ತದೆ ಎಂಬುದನ್ನು ಗಮನಿಸಿದರೆ ಸಾಕು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದು ಶರಾವತಿ ಕಣಿವೆಯ ಊರುಗಳು ಮುಳುಗಿದವು. ನಾಡಿಗೆ ಬೆಳಕು ಕೊಟ್ಟ ತ್ಯಾಗಿಗಳು ಎಂದು ಆ ಜನರನ್ನು ವೇದಿಕೆಗಳಲ್ಲಿ ಹೊಗಳಿದ್ದಾರೆ. ಅವರ ಪೈಕಿ ಎಷ್ಟೋ ಕುಟುಂಬಗಳು ಮರಳಿ ಕೊಟ್ಟ ಜಮೀನಿನ ಹಕ್ಕುಪತ್ರಕ್ಕಾಗಿ ದಶಕಗಟ್ಟಲೆ ಅಲೆದಿವೆ. ಕೊಟ್ಟದ್ದು ದಾನವಾದರೆ ವಾಪಸು ಕೇಳುವ ಹಾಗಿಲ್ಲ. ತೆಗೆದುಕೊಂಡದ್ದು ಎಂದು ಒಪ್ಪಿಕೊಂಡರೆ ಅದು ಸಾಲವಾಗುತ್ತದೆ, ತೀರಿಸಬೇಕಾಗುತ್ತದೆ. ಲಾಭ ಪಡೆದವನಿಗೆ ಮೊದಲನೆಯ ಪದ ಅನುಕೂಲ.

ಹೀಗೆ ನೋಡಿದಾಗ ಗಡಿಕಲ್ಲಿನ ಆ ಆರು ಕುಳಿಗಳು ನನಗೆ ಬೇರೆಯಾಗಿ ಕಾಣುತ್ತವೆ. ಸುತ್ತಲ ಊರುಗಳನ್ನು ಕಾಪಾಡಲು ಒಳಗೆ ಉಳಿದವರು ತಮ್ಮ ಹಿಟ್ಟಿಗೆ ತಾವೇ ದುಡ್ಡು ಕೊಟ್ಟರು. ಅರ್ಲ್‌ನ ನೆರವು ಇತ್ತು, ನಿಜ. ಇಡೀ ವ್ಯವಹಾರದಲ್ಲಿ ಸಾಲ ತೀರಿಸುವ ಬುದ್ಧಿ ತೋರಿದವನು ಅವನೊಬ್ಬನೇ ಎನ್ನಬೇಕು. ಆದರೂ ಹೊರಗಿನವರು ಇಟ್ಟುಹೋದ ರೊಟ್ಟಿಗೆ ಬೆಲೆಯಿತ್ತು. ಒಳಗಿನವರು ಅದಕ್ಕೆ ಬದಲಾಗಿ ಏನನ್ನೂ ಕೇಳಲಿಲ್ಲ. ಕೇಳುವುದು ತಮ್ಮ ಹಕ್ಕು ಎಂದು ಅವರಿಗೆ ತೋಚಿರಲಾರದು. ಈಚೆಗೆ ಬರುವ ಪ್ರವಾಸಿಗರು ಆ ಕುಳಿಗಳಲ್ಲಿ ಚಿಲ್ಲರೆ ಹಾಕಿ ಹೋಗುತ್ತಾರೆ.

ಒಂದು ವಿಷಯ ದಾರಿಯಲ್ಲಿ ನೆನಪಾಗುತ್ತದೆ. ಇದೇ ಬೆಟ್ಟಸೀಮ ವಾಯವ್ಯಕ್ಕೆ ಕಿಂಡರ್ ಸ್ಕೌಟ್ ಎಂಬ ಎತ್ತರದ ನೆಲವಿದೆ. ಜಮೀನ್ದಾರರ ಬೇಟೆಗಾಗಿ ಮುಚ್ಚಿಟ್ಟಿದ್ದ ಆ ಬೆಟ್ಟದ ಮೇಲೆ 1932ರ ಏಪ್ರಿಲ್‌ನಲ್ಲಿ ನೂರಾರು ಕಾರ್ಮಿಕರು ನಡೆದೇ ತೀರುತ್ತೇವೆಂದು ಹತ್ತಿದರು. ಐವರು ಜೈಲಿಗೆ ಹೋದರು. ಇಂದು ನಾವು ಇಲ್ಲಿ ಯಾರನ್ನೂ ಕೇಳದೆ ತಡಮೆಗಳನ್ನು ದಾಟುತ್ತಾ ಹೋಗುವುದರ ಹಿಂದೆ ಅಂಥ ಜಗಳಗಳೂ ಇವೆ. ನಡೆಯುವ ಹಕ್ಕಿಗಾಗಿ ಜೈಲಿಗೆ ಹೋದವರು, ನಡೆಯುವುದಿಲ್ಲ ಎಂದು ಉಳಿದವರು ಒಂದೇ ಸೀಮೆಯವರು. ನಾನು ಇವರನ್ನು ಎದುರುಬದುರು ನಿಲ್ಲಿಸಲಾರೆ. ಕಿಂಡರ್ ಹತ್ತಿದವರಿಗೆ ತಾವು ಏನು ಕೇಳುತ್ತಿದ್ದೇವೆ, ಯಾರನ್ನು ಕೇಳುತ್ತಿದ್ದೇವೆ ಎಂಬುದು ಗೊತ್ತಿತ್ತು. ಅಷ್ಟು ವ್ಯತ್ಯಾಸ.

ಪ್ಲೇಗು ಕಳೆದ ಮೇಲೆ ಸ್ಟ್ಯಾನ್ಲಿ ಈಮ್‌ನಲ್ಲೇ ಉಳಿದು 1670ರಲ್ಲಿ ಅಲ್ಲೇ ಸತ್ತ. ಅವನನ್ನು ಊರಿನಿಂದ ಹೊರಹಾಕಬೇಕೆಂದು ಕೆಲವರು ಆಮೇಲೂ ಅರ್ಲ್‌ನ ಕಿವಿ ಊದಿದ್ದರಂತೆ. ಮಾಂಪೆಸನ್ ಕೆಲವು ವರ್ಷಗಳಲ್ಲಿ ನಾಟಿಂಗ್‌ಹ್ಯಾಮ್‌ಶೈರಿನ ಈಕ್ರಿಂಗ್ ಎಂಬ ಊರಿನ ಪಾದ್ರಿಯಾಗಿ ಹೋದ. ಈಮ್‌ನಿಂದ ಬಂದವನೆಂದು ತಿಳಿದ ಈಕ್ರಿಂಗ್‌ನ ಜನ ಅವನನ್ನು ಒಳಗೆ ಬಿಡಲು ಹೆದರಿದರು. ಪ್ಲೇಗು ನಿಂತು ಆಗಲೇ ವರ್ಷಗಳಾಗಿದ್ದವು. ಆದರೂ ಅವನು ಊರ ಹೊರಗಿನ ಕಾಡಿನಲ್ಲಿ ಒಂದು ಗುಡಿಸಲಿನಲ್ಲಿರಬೇಕಾಯಿತು, ಭಾನುವಾರದ ಪ್ರವಚನವನ್ನು ಬಯಲಿನಲ್ಲಿ ಒಂದು ಮರದ ಕೆಳಗೆ ನಿಂತು ಹೇಳಬೇಕಾಯಿತು ಎಂದು ಅಲ್ಲಿಯ ಜನ ನೆನೆಯುತ್ತಾರೆ. ಈಮ್‌ನಲ್ಲಿ ಪ್ರತಿ ವರ್ಷ ಆಗಸ್ಟ್ ತಿಂಗಳ ಕೊನೆಯ ಭಾನುವಾರ ಊರವರು ಮೆರವಣಿಗೆಯಲ್ಲಿ ಕಕ್ಲೆಟ್ ಡೆಲ್ಫ್‌ಗೆ ಹೋಗಿ ಪ್ರಾರ್ಥನೆ ಮಾಡುತ್ತಾರೆ. ಈಕ್ರಿಂಗ್‌ನವರದ್ದು ಹೇಡಿತನ ಎಂದು ಹೇಳಿಬಿಡುವುದು ಸುಲಭ. ಅವರಿಗೂ ಮಕ್ಕಳಿದ್ದರು. ಆ ಮರ ಈಗಿಲ್ಲ. ಅದು ಇದ್ದ ಜಾಗದಲ್ಲಿ, ಊರಿನ ಹೊರಗೆ, ಒಂದು ಕಲ್ಲಿನ ಶಿಲುಬೆ ನಿಂತಿದೆ.